ದುಂಡಸಿಯಲ್ಲಿ ಖಾಲಿಯಾಗುವ ಬಸ್ಸು

ಶಿಗ್ಗಾವಿ
ರವಿವಾರ, ೧೭ ನವೆಂಬರ್ ೨೦೨೪

ಸಿಟ್ಟು ಮಾಡಿಕೊಂಡು ಮಾಸೂರಲ್ಲಿ ಕುಳಿತಿರುವ ನನ್ನ ಅವ್ವನಿಗೆ,

ನಿನ್ನ ಮಗಳು ಶೈಲಶ್ರೀ ಮಾಡುವ ನಮಸ್ಕಾರ. ನಾನು ಆರಾಮ ಇದ್ದೇನೆ. ತಲೆಯೂ ನೆಟ್ಟಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಲ್ಲಿ ಈಗ ನನ್ನ ತಲೆಯ ಬಗ್ಗೆಯೇ ಮಾತು ನಡೆದಿದೆ ಎಂದು ಅಣ್ಣ ಪ್ರಭು ಹೇಳಿದ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ, ನೌಕರಿ ಬಿಟ್ಟಿಯೇನು ಅಂತ ಒಂದೇ ಮಾತು ಕೇಳಿ ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಪೆನ್ನು ಹಿಡಿದು ಕೂತಿದ್ದೇನೆ. ಇದನ್ನು ಪೋಸ್ಟಿಗೆ ಹಾಕುವುದಿಲ್ಲ, ನಾಳೆ ಹಿರೇಕೆರೂರ ಕಡೆ ಹೋಗುವ ಗಾಡಿಯ ಕಂಡಕ್ಟರ್ ಕೈಗೆ ಕೊಡುತ್ತೇನೆ. ಸಂಜೆಯೊಳಗೆ ಮಾಸೂರ ಸ್ಟ್ಯಾಂಡಿಗೆ ಮುಟ್ಟುತ್ತದೆ. ಬಸ್ಸಿನ ನೌಕರಿಯಲ್ಲಿ ಇಂಥ ಒಂದೆರಡು ಅನುಕೂಲಗಳೂ ಇವೆ, ನೋಡು.

ನೀನು ಪ್ರಭು ಕೈಯಲ್ಲಿ ಕಳಿಸಿದ ತಾಯಿತ ಮುಟ್ಟಿತು. ನಿಂಬೆಹಣ್ಣೂ ಮುಟ್ಟಿತು, ಅದರ ಶರಬತ್ತು ಮಾಡಿ ಅವನಿಗೇ ಕುಡಿಸಿ ಕಳಿಸಿದೆ. ಜೊತೆಗೆ ಕಳಿಸಿದ ಮಾತೂ ಮುಟ್ಟಿತು. ಪಾಪ, ಅವನು ನೆಲ ನೋಡುತ್ತ ಹೇಳಿದ. ಮಗಳು ನೌಕರಿ ಬಿಟ್ಟು ಬರಲಿ, ಬಿಡುವುದಿಲ್ಲ ಅಂದರೆ ಈ ಮನೆಯ ಹೊಸ್ತಿಲು ತುಳಿಯುವುದು ಬೇಡ, ಇದು ಅವ್ವನ ಕಡೆಯ ಮಾತು ಅಂದ. ನನ್ನ ಅಣ್ಣ ಸುಳ್ಳು ಹೇಳುವವನಲ್ಲ. ಆದರೂ ನಾನು ಎರಡು ಸಲ ಕೇಳಿದೆ, ಅವ್ವ ಹೀಗೇ ಅಂದಳೇನು ಅಂತ. ಹೌದು ಅಂದ.

ಅವ್ವ, ಅದಕ್ಕೆ ಉತ್ತರ ಕೊಡುವ ಮೊದಲು ನಡೆದದ್ದನ್ನೆಲ್ಲ ನನ್ನ ಬಾಯಿಂದ ಕೇಳು. ಫೋನಿನಲ್ಲಿ ಬಂದ ವಿಡಿಯೊ ನೋಡಿ ಊರು ಏನು ತಿಳಿದುಕೊಂಡಿದೆಯೋ, ನಡೆದದ್ದು ಅಷ್ಟೇ ಅಲ್ಲ.

ನನ್ನ ಗಾಡಿ ನಿನಗೆ ಗೊತ್ತೇ ಇದೆ. ಸವಣೂರಿಂದ ಹೊರಟು ಶಿಗ್ಗಾವಿ ಹಾಯ್ದು ದುಂಡಸಿಗೆ ಹೋಗುತ್ತದೆ. ಗೊತ್ತಿರುವುದು ಅಷ್ಟೇ, ಒಂದು ದಿನವಾದರೂ ನೀನು ಅದನ್ನು ಹತ್ತಿಲ್ಲ. ಹತ್ತಿದ್ದರೆ ಗೊತ್ತಾಗುತ್ತಿತ್ತು. ಶಿಗ್ಗಾವಿ ದಾಟುವುದರೊಳಗೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಒಬ್ಬಾಕೆ ಆಧಾರ್ ಕಾರ್ಡಿನ ಬದಲು ರೇಶನ್ ಕಾರ್ಡು ತಂದು, ಇದರಾಗೂ ನಂದ ಫೋಟೋ ಐತಲ್ಲ ಅಂತ ಜಗಳಕ್ಕೆ ನಿಲ್ಲುತ್ತಾಳೆ. ಗಂಡಸರಿಗೆ ಸೀಟು ಇಲ್ಲದ್ದಕ್ಕೂ ನಾನೇ ಕಾರಣ. ಹೆಣ್ಣಮಕ್ಕಳು ಪುಕ್ಕಟ ಅಡ್ಡಾಡ್ಲಿ, ನಾವು ರೊಕ್ಕಾ ಕೊಟ್ಟು ಜೋತಾಡೂಣು ಅಂತ ಒಬ್ಬ ಶುರು ಮಾಡಿದರೆ ಹಿಂದಿನಿಂದ ನಾಲ್ಕು ಮಂದಿ ಹೂಂ ಅನ್ನುತ್ತಾರೆ. ಇನ್ನೊಬ್ಬನಿಗೆ ಅವನ ಹೊಲದ ಮುಂದೆಯೇ ಬಸ್ಸು ನಿಲ್ಲಬೇಕು. ಈಗ ಗೋವಿನಜೋಳದ ಸುಗ್ಗಿ ಬೇರೆ. ಅರ್ಧ ರಸ್ತೆಯಲ್ಲಿ ಕಾಳು ಒಣಹಾಕಿರುತ್ತಾರೆ, ಉಳಿದರ್ಧದಲ್ಲಿ ಎದುರಿಗೆ ಟ್ರ್ಯಾಕ್ಟರ್ ಬರುತ್ತದೆ. ತಡವಾದರೆ ಅದಕ್ಕೂ ಬೈಗುಳ ಕಂಡಕ್ಟರಿಗೇ.

ಇಷ್ಟರ ನಡುವೆ ನಾನು ಒಬ್ಬರಿಗೂ ತಿರುಗಿ ಮಾತಾಡಿಲ್ಲ. ಕುಂತ್ರಿ, ಸರೀರಿ, ಟಿಕೆಟ್ ತಗೋರಿ, ಮುಗಿಯಿತು. ಈ ನೌಕರಿಗೆ ಸೇರಿದಾಗಿನಿಂದ ನನ್ನ ಮೇಲೆ ಒಂದೇ ಒಂದು ದೂರು ಇಲ್ಲ. ಮೀಸೆ ಹೊತ್ತ ಗಂಡಸು ಕಂಡಕ್ಟರುಗಳು ವಾರಕ್ಕೊಮ್ಮೆ ಅಂಗಿ ಹರಿದುಕೊಂಡು ಬರುವ ಡಿಪೊದಲ್ಲಿ ನಿನ್ನ ಮಗಳ ಹೆಸರು ಸ್ವಚ್ಛ ಇದೆ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ಹಾಗಾದರೆ ಆ ಸಿಟ್ಟೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ನೀನು ಕೇಳಬೇಕು. ದುಂಡಸಿಗೆ ಹೋಗುತ್ತದೆ.

ದುಂಡಸಿಯಲ್ಲಿ ಎಲ್ಲರೂ ಇಳಿದ ಮೇಲೆ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನನ್ನ ಡ್ರೈವರ್ ಬಂದೇಸಾಬ ಅಣ್ಣ ಇಂಜಿನ್ ಬಂದ್ ಮಾಡಿ ಚಹಾಕ್ಕೆ ಇಳಿಯುತ್ತಾರೆ. ಕಿಟಕಿಗಳನ್ನೆಲ್ಲ ಮುಚ್ಚಿ ನಾನು ಮುಂದಿನ ಸೀಟಿನಿಂದ ಶುರು ಮಾಡುತ್ತೇನೆ. ಯಾರು ಯಾವ ಸೀಟಿನಲ್ಲಿ ಕೂತು ಏನಂದರೋ, ಆ ಸೀಟಿನ ಮುಂದೆ ನಿಂತು ಅವರಿಗೆ ಸಲ್ಲಬೇಕಾದ ಉತ್ತರ ಕೊಡುತ್ತೇನೆ. ಗಟ್ಟಿಯಾಗಿ, ಕೈ ಮಾಡಿ, ಬಾಯಿ ತುಂಬ. ಯಜಮಾನ್ರ, ಪುಕ್ಕಟ ಅಡ್ಡಾಡೂ ಹೆಣ್ಣಮಕ್ಕಳೊಳಗ ನಿಮ್ಮ ಹೆಂಡತಿನೂ ಅದಾರ್ರಿ, ಮೊದ್ಲ ಅಕಿನ್ನ ಇಳಸ್ರಿ ಅಂತ ಒಂದು ಕಡೆ. ನಿಮ್ಮ ಹೊಲದ ಬದುವಿಗೆ ನಿಲ್ಲಸಾಕ ಇದು ನಿಮ್ಮ ಮಾವ ಕೊಟ್ಟ ಚಕ್ಕಡಿ ಅಲ್ರಿ ಅಂತ ಇನ್ನೊಂದು ಕಡೆ. ಹಿಂದಿನ ಬಾಗಿಲ ತನಕ ಬರುವುದರೊಳಗೆ ನನ್ನ ಎದೆ ಹಗುರಾಗಿರುತ್ತದೆ. ಬಂದೇಸಾಬ ಅಣ್ಣ ಹೊರಗಿನಿಂದ ಬಾಗಿಲು ತಟ್ಟಿ, ನಿಂದು ಆತೇನವಾ ಅಂತ ಕೇಳುತ್ತಾರೆ. ಆತ್ರಿ ಅಂದ ಮೇಲೆ ಹತ್ತುತ್ತಾರೆ. ಅವರಿಗೂ ಅವರದೊಂದು ಉಪಾಯ ಇದೆ. ಮುಂದಿನ ಗಾಜು ಲಕಲಕ ಹೊಳೆಯುತ್ತಿದ್ದರೂ ಚಹಾ ಕುಡಿದು ಬಂದು ಅದನ್ನು ಇನ್ನೊಮ್ಮೆ ಒರೆಸುತ್ತಾರೆ. ಯಾರ ಮೇಲಿನ ಸಿಟ್ಟು ಅಂತ ನಾನು ಕೇಳಿಲ್ಲ.

ಅವತ್ತು ನಡೆದ ತಪ್ಪು ಇಷ್ಟೇ. ಯಾರೋ ಎರಡು ಚೀಲ ಗೋವಿನಜೋಳ ಹಿಂದೆ ನಿಲ್ಲಿಸಿದ್ದರು. ಆ ಚೀಲಗಳ ಮರೆಯಲ್ಲಿ, ಹಿಂದಿನ ಉದ್ದ ಸೀಟಿನಲ್ಲಿ ಒಬ್ಬ ಪುಣ್ಯಾತ್ಮ ಕಾಲು ಚಾಚಿ ಮಲಗಿದ್ದ. ದುಂಡಸಿ ಬಂದದ್ದೂ ಅವನಿಗೆ ತಿಳಿದಿಲ್ಲ, ಅವನಿದ್ದದ್ದು ನನಗೂ ತಿಳಿದಿಲ್ಲ. ನನ್ನ ದನಿಗೆ ಎಚ್ಚರಾಗಿ, ಎದ್ದು ಇಳಿದು ಹೋಗುವುದು ಬಿಟ್ಟು ಫೋನ್ ತೆಗೆದ. ರಾತ್ರಿಯಾಗುವುದರೊಳಗೆ ಹುಚ್ಚಿ ಕಂಡಕ್ಟರ್ ಅಂತ ಹೆಸರಿಟ್ಟು ಹಾನಗಲ್ಲಿನಿಂದ ಹಿರೇಕೆರೂರ ತನಕ ಮುಟ್ಟಿಸಿದರು. ಖಾಲಿ ಸೀಟಿಗೆ ಕೈ ಮಾಡಿ ಮಾತಾಡುವವಳನ್ನು ನೋಡಿದರೆ ಯಾರಿಗಾದರೂ ದೆವ್ವ ಹೊಕ್ಕಿದೆ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಅವ್ವ, ನೀನು ಆ ವಿಡಿಯೊವನ್ನು ಸರಿಯಾಗಿ ಕೇಳಿದೆಯಾ? ಖಾಲಿ ಸೀಟಿಗೆ ಬೈಯುವಾಗಲೂ ನಾನು ಮಾತಿನ ಕೊನೆಯ ರೀ ಬಿಟ್ಟಿಲ್ಲ. ದೆವ್ವ ಹೊಕ್ಕವರು ಇಷ್ಟು ಮರ್ಯಾದೆ ಕೊಟ್ಟು ಮಾತಾಡುವುದನ್ನು ನಾನಂತೂ ಕಂಡಿಲ್ಲ.

ಈ ವಿದ್ಯೆ ನನಗೆ ಎಲ್ಲಿಂದ ಬಂತು ಅಂತ ನೀನು ಊರವರ ಮುಂದೆ ಹಣೆ ಬಡಿದುಕೊಂಡೆಯಂತೆ. ಎಲ್ಲಿಂದ ಬಂತು ಅಂತ ನಾನೇ ಹೇಳುತ್ತೇನೆ.

ಮದಗದ ಕೆರೆಯ ಕಾಲುವೆಗೆ ನೀನು ಬಟ್ಟೆ ಒಗೆಯಲು ಹೋಗುವಾಗ ಬಕೆಟ್ ಹಿಡಿದು ಹಿಂದೆ ಬರುತ್ತಿದ್ದವಳು ನಾನು. ನೀನು ಮೊದಲು ಅಪ್ಪನ ಧೋತರ ಎತ್ತಿಕೊಳ್ಳುತ್ತಿದ್ದೆ. ಏನಂದಿ, ಸಾರಿನಾಗ ಉಪ್ಪಿಲ್ಲಾ, ಬಾ, ಇಲ್ಲಿ ಹಾಕ್ತೇನಿ ಅಂತ ಕಲ್ಲಿಗೊಂದು ಏಟು. ಆಮೇಲೆ ಸೋದರತ್ತೆಯ ಸೀರೆ, ಆಕೆಯ ಒಂದೊಂದು ಚಾಡಿಗೂ ಒಂದೊಂದು ಏಟು. ನಿನ್ನ ಅತ್ತೆ, ನನ್ನ ಆಯಿಯ ಸೀರೆಗೆ ಬಂದಾಗ ಮಾತ್ರ ಮೊದಲು ಆಚೆ ಈಚೆ ನೋಡುತ್ತಿದ್ದೆ. ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಆ ಸೀರೆಗೆ ಬೀಳುತ್ತಿದ್ದ ಏಟಿಗೆ ನೀರಲ್ಲಿದ್ದ ಎಮ್ಮೆಗಳು ತಲೆ ಎತ್ತುತ್ತಿದ್ದವು. ನನ್ನ ಲಂಗಕ್ಕೂ ಬೀಳುತ್ತಿತ್ತು, ನಾನು ಎದುರಿಗೇ ಕೂತಿರುತ್ತಿದ್ದೆ. ಮನೆಗೆ ಬಂದು, ಊಟಕ್ಕ ಏಳ್ರಿ ಅತ್ತಿ ಅಂತ ಎಷ್ಟು ಮೆತ್ತಗೆ ಕರೆಯುತ್ತಿದ್ದೆ. ಶೇಖವ್ವ ಒಂದು ದಿನವೂ ತನ್ನ ಅತ್ತೆಗೆ ಎದುರು ಮಾತಾಡಿದವಳಲ್ಲ ಅಂತ ಮಾಸೂರು ಇವತ್ತಿಗೂ ನಿನ್ನನ್ನು ಹೊಗಳುತ್ತದೆ. ಕಾರಣ ಗೊತ್ತಿದ್ದವರು ನೀನು, ನಾನು, ಆ ಎಮ್ಮೆಗಳು.

ನಿನ್ನನ್ನು ಹಂಗಿಸಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅಷ್ಟು ದೊಡ್ಡ ಸಂಸಾರದಲ್ಲಿ ಒಬ್ಬರ ಮನಸ್ಸೂ ನೋಯಿಸದೆ ದಿನ ದೂಡಿದೆಯಲ್ಲ, ನನಗೆ ಅದರ ಹೆಮ್ಮೆ ಇದೆ. ನಿನಗೆ ಕಲ್ಲು ಇತ್ತು, ನನಗೆ ಸೀಟುಗಳಿವೆ. ಸಂಬಳ ಕೂಡಿಟ್ಟು ನಾನು ನಿನಗೆ ವಾಷಿಂಗ್ ಮಷೀನ್ ತಂದುಕೊಟ್ಟೆ, ಬಟ್ಟೆ ತನ್ನಷ್ಟಕ್ಕೆ ತಿರುಗುತ್ತದೆ, ನೀನು ಸುಮ್ಮನೆ ನೋಡುತ್ತ ಕೂರುತ್ತೀ. ಅದು ಬಂದಾಗಿನಿಂದ ಬೈಗುಳವೆಲ್ಲ ತನ್ನ ಪಾಲಿಗೆ ಬಂದಿದೆ ಅಂತ ಪ್ರಭು ಅಳುತ್ತಾನೆ.

ಇನ್ನು ಡಿಪೊದ ಮಾತು. ಸಾಹೇಬರು ಕರೆಸಿದರು. ಮೇಜಿನ ಮೇಲೆ ಫೋನ್ ಇಟ್ಟು ವಿಡಿಯೊ ಹಚ್ಚಿದರು. ನನ್ನ ದನಿ ನನಗೇ ಕೇಳಿ ಕಿವಿ ಸುಟ್ಟಂತಾಯಿತು. ಕರೆಯದಿದ್ದರೂ ಬಂದೇಸಾಬ ಅಣ್ಣ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. ಸಾಹೇಬರು ಕೆಟ್ಟವರಲ್ಲ. ನಿಮಗ ತ್ರಾಸ ಆಗಿರಬೇಕು, ಪಾಸ್ ಕೊಡೂ ಕೌಂಟರಿಗೆ ಹಾಕ್ತೇನಿ, ಫ್ಯಾನ್ ಕೆಳಗ ಕುಂತು ಕೆಲಸ ಮಾಡ್ರಿ ಅಂದರು. ನಿಜ ಹೇಳುತ್ತೇನೆ ಅವ್ವ, ಆಸೆಯಾಯಿತು. ಫ್ಯಾನು, ಕುರ್ಚಿ, ಊಟದ ಹೊತ್ತಿಗೆ ಊಟ. ನಿನಗೂ ಸಮಾಧಾನ, ಮನೆಯ ಹೊಸ್ತಿಲೂ ಉಳಿಯುತ್ತಿತ್ತು. ಹೂಂ ಅನ್ನಲು ಬಾಯಿ ತೆರೆದೆ.

ಆದರೆ ಹೂಂ ಅಂದರೆ ತಲೆ ಕೆಟ್ಟದ್ದು ಖರೆ ಅಂತ ನಾನೇ ಒಪ್ಪಿದಂತೆ. ಸಾಹೇಬ್ರ, ನನ್ನ ಮ್ಯಾಲ ಒಂದಾದ್ರೂ ಕಂಪ್ಲೇಂಟ್ ಐತೇನ್ರಿ ಅಂತ ಕೇಳಿದೆ. ಇಲ್ಲ ಅಂದರು. ಅದು ಹ್ಯಾಂಗ ಇಲ್ಲಾಂತಂದ್ರ ಹಿಂಗ ಇಲ್ರಿ ಅಂತ ಫೋನ್ ತೋರಿಸಿದೆ. ಬಂದೇಸಾಬ ಅಣ್ಣ ಮೆಲ್ಲಗೆ, ಸಾಹೇಬ್ರ, ನೀವು ಸಿಟ್ಟು ಬಂದ್ರ ಏನ್ ಮಾಡ್ತೀರಿ ಅಂತ ಕೇಳಿಬಿಟ್ಟರು. ಇನ್ನು ಇಬ್ಬರದೂ ನೌಕರಿ ಹೋಯಿತು ಅಂದುಕೊಂಡೆ. ಸಾಹೇಬರು ಕಿಟಕಿಯ ಕಡೆ ನೋಡಿದರು. ಮೋಟರ್ ಸೈಕಲ್ ತಗೊಂಡು ಬಂಕಾಪುರದ ತನಕ ಹೋಗ್ತೇನಿ, ಅಲ್ಲೇನೂ ಕೆಲಸ ಇರಂಗಿಲ್ಲ, ಸುಮ್ನ ತಿರುಗಿ ಬರ್ತೇನಿ ಅಂದರು. ಆಮೇಲೆ ಅದೇ ಗಾಡಿಗೆ ಹೋಗಲು ಹೇಳಿದರು. ಬಾಗಿಲು ದಾಟುವಾಗ ಹಿಂದಿನಿಂದ ಕರೆದು, ಇನ್ನ ಮ್ಯಾಲ ಮೊದ್ಲ ಹಿಂದಿನ ಸೀಟು ನೋಡಿ ಬೈಯವಾ ಅಂದರು. ಅದೇ ನನಗೆ ಸಿಕ್ಕ ಶಿಕ್ಷೆ.

ಮೊನ್ನೆ ಶುಕ್ರವಾರ ಮತ್ತೆ ಗಾಡಿ ಹತ್ತಿದೆ. ಹೆದರಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಗಾಡಿಯಲ್ಲಿದ್ದವರೆಲ್ಲ ವಿಡಿಯೊ ನೋಡಿದವರೇ. ನಾನು ಹತ್ತಿದ ಕೂಡಲೇ ಮಾತು ನಿಂತಿತು. ಆಮೇಲೆ ನಡೆದದ್ದು ಕೇಳು. ಎಲ್ಲರ ಕೈಯಲ್ಲೂ ಸರಿಯಾದ ಚಿಲ್ಲರೆ. ಆಧಾರ್ ಕಾರ್ಡುಗಳು ನಾನು ಕೇಳುವ ಮೊದಲೇ ಮುಂದೆ ಬರುತ್ತಿವೆ. ಹೊಲದ ಮುಂದೆ ಇಳಿಯುವ ಯಜಮಾನರು ತುಟಿ ಬಿಚ್ಚದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಹೋದರು. ಪುಕ್ಕಟ ಅನ್ನುವ ಗಂಡಸು ಟಿಕೆಟ್ ತೆಗೆದುಕೊಳ್ಳುತ್ತ, ತಂಗೀ, ನನಗ ಯಾವ ಸೀಟಿನಾಗ ಬೈದಿ ಅಂತ ಮೆಲ್ಲಗೆ ಕೇಳಿದ. ನೀವು ನಿಂತಿದ್ರಿ, ನೀವು ಹಿಡದ ಸರಳಿಗೆ ಬೈದೇನ್ರಿ ಅಂದೆ. ಇಡೀ ಬಸ್ಸು ನಕ್ಕಿತು, ಅವನೂ ನಕ್ಕ. ನಾನು ಮುಂದಿನವರ ಟಿಕೆಟಿಗೆ ಹೋದೆ.

ದುಂಡಸಿ ಬಂತು. ಎಲ್ಲರೂ ಇಳಿದರು. ಸಾಹೇಬರ ಆಜ್ಞೆ ಇದೆಯಲ್ಲ, ಮೊದಲು ಹಿಂದಿನ ಸೀಟು ನೋಡಲು ಹೋದೆ. ಅಲ್ಲಿ ಇಬ್ಬರು ಹೆಂಗಸರು ಕೂತೇ ಇದ್ದಾರೆ. ಒಬ್ಬರು ಹಾಜರಾಬಿ, ಸವಣೂರಿಂದ ವೀಳ್ಯದೆಲೆ ಬುಟ್ಟಿ ತಂದು ಹಳ್ಳಿಗಳಲ್ಲಿ ಮಾರುವವರು. ಬಾಯಲ್ಲಿ ಬೆರಳಿಟ್ಟರೂ ಕಚ್ಚದಂಥ ಹೆಂಗಸು. ಇನ್ನೊಬ್ಬಳು ಮಂಜುಳಾ, ದುಂಡಸಿಯ ಅಂಗನವಾಡಿಯ ಸಹಾಯಕಿ, ಶಿಗ್ಗಾವಿಯಿಂದ ದಿನಾ ಬರುತ್ತಾಳೆ. ಯಾಕ ಇಳೀಲಿಲ್ರಿ ಅಂತ ಕೇಳಿದೆ. ಮಂಜುಳಾ ಹಾಜರಾಬಿಯ ಮುಖ ನೋಡಿದಳು. ಹಾಜರಾಬಿ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿ ಮಾಡುತ್ತ, ನಿಂದು ಮುಗದ ಮ್ಯಾಲ ನಮಗೂ ಒಂದೀಟು ಬಸ್ಸು ಕೊಡ್ತಿಯೇನವಾ ಅಂದರು.

ನನಗೆ ಮೊದಲು ತಿಳಿಯಲೇ ಇಲ್ಲ. ಅವರೇ ಬಿಡಿಸಿ ಹೇಳಿದರು. ಮನೆಯಲ್ಲಿ ಸಿಟ್ಟು ಬಂದಾಗ ಎಲೆ ತಿರುವಿ ಹಾಕುತ್ತ ಕೂಡುತ್ತಿದ್ದರಂತೆ. ಕೊಳೆತ ಎಲೆ ಆರಿಸಿ ಎಸೆಯುತ್ತ ಎಸೆಯುತ್ತ ಸಿಟ್ಟು ಇಳಿಯುತ್ತಿತ್ತಂತೆ. ಈಗ ಸೊಸೆ ಆ ಕೆಲಸ ತಾನೇ ಮಾಡುತ್ತಾಳೆ, ಅತ್ತೆಗೆ ವಯಸ್ಸಾಯಿತು ಎಂಬ ಪ್ರೀತಿ ಅವಳದು. ಅಕಿ ಪ್ರೀತಿ ಮಾಡೂದಕ್ಕ ನನ್ನ ಎದಿ ಒಡದು ಹೋಗಾಕತ್ತೈತಿ ಅಂದರು. ಮಂಜುಳಾ ಆಗಲೇ ತನ್ನ ಪಕ್ಕದ ಕಿಟಕಿ ಮುಚ್ಚಿದ್ದಳು.

ನೀವ ಮೊದ್ಲ ಮಾಡ್ರಿ, ನಾ ಆಮ್ಯಾಲ ಮಾಡ್ತೇನಿ ಅಂತ ಹೇಳಿ ಉಳಿದ ಕಿಟಕಿ ಮುಚ್ಚಿಕೊಟ್ಟು ಇಳಿದೆ. ಬಂದೇಸಾಬ ಅಣ್ಣನಿಗೆ ಹೇಳಿದರೆ, ಗಾಡಿ ಬಿಡೂ ಟೈಮ್ ನಾ ಬದ್ಲಿ ಮಾಡಂಗಿಲ್ಲ, ಲಗೂ ಬೈಯಾಕ ಹೇಳು ಅಂದರು. ಮಂಜುಳಾ ಒಳಗೆ ಏನಂದಳೋ, ಹೊರಗೆ ಕೇಳಲಿಲ್ಲ. ಹಾಜರಾಬಿಯದು ಮಾತ್ರ ಕೇಳಿತು. ತಮ್ಮ ಮನೆಮಾತಿನಲ್ಲಿ ಶುರು ಮಾಡಿ, ಸಾಲದೆ ಕನ್ನಡಕ್ಕೆ ಬಂದು, ಮತ್ತೆ ಮನೆಮಾತಿಗೆ ಹೋದರು. ಬಂದೇಸಾಬ ಅಣ್ಣನಿಗೆ ಆ ಭಾಷೆ ಪೂರ್ತಿ ತಿಳಿಯುತ್ತದೆ. ಅವರು ಚಹಾದ ಕಪ್ಪು ಕೆಳಗಿಟ್ಟು, ತೌಬಾ ಅಂತ ಎದ್ದು ದೂರ ಹೋಗಿ ನಿಂತರು. ಇಳಿದು ಬಂದಾಗ ಹಾಜರಾಬಿಯ ಮುಖ ನೋಡಬೇಕಿತ್ತು ಅವ್ವ, ಆಗಷ್ಟೇ ಸ್ನಾನ ಮಾಡಿ ಬಂದಂತೆ ಇತ್ತು. ನನ್ನ ಕೈಯಲ್ಲಿ ಒಂದು ಹಿಡಿ ಎಲೆ ಇಟ್ಟು, ದೇವರು ನಿನ್ನ ಚೊಲೋ ಇಡ್ಲಿ ಅಂತ ಹೇಳಿ ಬುಟ್ಟಿ ಹೊತ್ತು ಹೋದರು.

ಆಮೇಲೆ ನನ್ನ ಸರದಿ. ಹೊತ್ತು ಸ್ವಲ್ಪವೇ ಉಳಿದಿತ್ತು. ಅವತ್ತು ಪಾಪ ಪ್ಯಾಸೆಂಜರುಗಳು ಯಾರೂ ಏನೂ ಅಂದಿರಲಿಲ್ಲ. ಆದರೂ ಬೈದೆ. ಯಾರಿಗೆ ಅನ್ನುವುದು ಈಗ ಬೇಡ ಬಿಡು.

ನಿನ್ನ ಮಾತಿಗೆ ಉತ್ತರ ಇಷ್ಟು. ನಾನು ನೌಕರಿ ಬಿಡುವುದಿಲ್ಲ. ನೀನು ಹೊಸ್ತಿಲು ತುಳಿಯಬೇಡ ಅಂದರೂ ಅವ್ವ ಅನ್ನುವುದನ್ನೂ ಬಿಡುವುದಿಲ್ಲ. ಹುಚ್ಚಿ ಕಂಡಕ್ಟರಿನ ತಾಯಿ ಅಂತ ಯಾರಾದರೂ ನಿನಗೆ ಅಂದರೆ, ಹೌದ್ರಿ, ಅಕಿ ನನ್ನ ಮಗಳು, ಅಕಿ ಮ್ಯಾಲ ಒಂದ ಕಂಪ್ಲೇಂಟ್ ತೋರಸ್ರಿ ಅಂತ ಎದೆ ಎತ್ತಿ ಹೇಳು. ನಿನಗೆ ಹೇಳಲಾಗದಿದ್ದರೆ ಅಪ್ಪ ಹೇಳುತ್ತಾನೆ. ವಿಡಿಯೊ ನೋಡಿ ಅಪ್ಪ, ಪೂರಾ ಅವರವ್ವನಂಗ ಅಂತ ನಕ್ಕನಂತೆ, ಅದನ್ನೂ ಪ್ರಭು ಹೇಳಿದ. ಅಂದರೆ ಧೋತರದ ಸಂಗತಿ ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು ಅಂತಾಯಿತು.

ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೋ. ಪ್ರಭುವನ್ನು ಇನ್ನು ಬೈಯಬೇಡ, ಅವನು ಸೊರಗಿದ್ದಾನೆ.

ಇಂತು ನಿನ್ನ ಬಾಯಿಯನ್ನೂ ನಿನ್ನ ತಾಳ್ಮೆಯನ್ನೂ ಪಡೆದು ಹುಟ್ಟಿದ ಮಗಳು,
ಶೈಲಶ್ರೀ

ತಾ.ಕ.: ಬೇಡ ಬಿಡು ಅಂದಿದ್ದೆ, ಆದರೆ ನಿನ್ನ ಮುಂದೆ ಮುಚ್ಚಿಡಲು ಆಗುವುದಿಲ್ಲ. ಶುಕ್ರವಾರ ನಾನು ಬೈದದ್ದು ಒಬ್ಬರಿಗೇ, ನಿನಗೆ. ಡ್ರೈವರ್ ಹಿಂದಿನ ಸೀಟಿನಲ್ಲಿ ನಿನ್ನನ್ನು ಕೂಡಿಸಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೆತ್ತ ಮಗಳಿಗೆ ಹೊಸ್ತಿಲು ತುಳಿಯಬೇಡ ಅಂತೀಯಲ್ಲ ಅಂತ ಕಣ್ಣೀರು ಕೂಡ ಹಾಕಿದೆ. ಅಷ್ಟು ಮುಗಿದ ಮೇಲೆಯೇ ಈ ಕಾಗದ ಇಷ್ಟು ಮೆತ್ತಗೆ ಬರೆಯಲು ಬಂತು. ಈಗ ಸರದಿ ನಿನ್ನದು. ಬರುವ ಶುಕ್ರವಾರ ಪ್ರಭುವನ್ನು ಕರೆದುಕೊಂಡು ಹಾವೇರಿಯ ಮೇಲೆ ಶಿಗ್ಗಾವಿಗೆ ಬಾ, ನನ್ನ ಗಾಡಿ ಹತ್ತು. ಆಧಾರ್ ಕಾರ್ಡು ಮರೆಯಬೇಡ, ತಾಯಿಯಾದರೂ ನಾನು ಬಿಡುವುದಿಲ್ಲ. ದುಂಡಸಿಯಲ್ಲಿ ನಿನಗೆ ಬಸ್ಸು ಖಾಲಿ ಮಾಡಿಕೊಟ್ಟು ನಾನು ದೂರ ಹೋಗಿ ನಿಲ್ಲುತ್ತೇನೆ. ನನ್ನಿಂದಲೇ ಶುರು ಮಾಡು. ಮುಗಿದ ಮೇಲೆ ಬಾಗಿಲು ತಟ್ಟು, ಇಬ್ಬರೂ ಕೂಡಿ ಊಟ ಮಾಡೋಣ.